ನಲವತ್ತೊಂದನೆಯ ಕಾರ್ಡು

1979ರಲ್ಲಿ ನಾನು ವಯಸ್ಕರ ಶಿಕ್ಷಣ ಯೋಜನೆಯ ಮೇಲ್ವಿಚಾರಕನಾಗಿ ಶಿಗ್ಗಾವಿಯಲ್ಲಿದ್ದೆ. ಹಾವೇರಿ ಆಗಿನ್ನೂ ಜಿಲ್ಲೆಯಾಗಿರಲಿಲ್ಲ, ನಮ್ಮ ಕಡೆಯ ತಾಲೂಕುಗಳೆಲ್ಲ ಧಾರವಾಡಕ್ಕೇ ಸೇರಿದ್ದವು. ದೊಡ್ಡವರಿಗೆ ಅಕ್ಷರ ಕಲಿಸುವ ಕೇಂದ್ರಗಳಿಗೆ ಹೋಗುವುದು, ಹಾಜರಿ ಪುಸ್ತಕ ನೋಡುವುದು, ಸ್ಲೇಟು ಬಳಪ ತಲುಪಿದವೋ ಇಲ್ಲವೋ ಎಂದು ವರದಿ ಬರೆಯುವುದು ನನ್ನ ಕೆಲಸ. ಶಿಗ್ಗಾವಿ, ಸವಣೂರು, ಹಾನಗಲ್ ತಾಲೂಕುಗಳು ನನ್ನ ಪಾಲಿಗೆ ಬಂದಿದ್ದವು. ಹಿರೇಕೆರೂರು ಈರಣ್ಣನ ಪಾಲಿಗೆ. ಈರಣ್ಣ ನನ್ನ ಸಹೋದ್ಯೋಗಿ, ಗೆಳೆಯ, ಕೋಣೆಯ ಜೊತೆಗಾರ. ಇಬ್ಬರಿಗೂ ಸೇರಿ ಒಂದು ಸ್ಟೋವು, ಒಂದು ಕೊಡೆ. ಅವನ ಅಕ್ಷರ ಮುತ್ತು ಪೋಣಿಸಿದ ಹಾಗೆ, ನನ್ನದು ಕೋಳಿ ಕೆದರಿದ ಹಾಗೆ. ಆದ್ದರಿಂದ ನನ್ನ ವರದಿಗಳ ಶುದ್ಧ ಪ್ರತಿಯನ್ನು ಅವನೇ ಬರೆದುಕೊಡುತ್ತಿದ್ದ, ಅವನ ಪಾಲಿನ ಅಡುಗೆಯನ್ನು ನಾನು ಮಾಡುತ್ತಿದ್ದೆ.

ಆ ವರ್ಷ ಸವಣೂರಿನ ಒಂದು ಕೇಂದ್ರದಲ್ಲಿ ಸಣ್ಣ ಜಗಳವಾಯಿತು. ಪಾಠದಲ್ಲಿ ‘ಉಪವಾಸ’ ಎಂಬ ಪದ ಬಂದಿತ್ತು. ಕಲಿಸುವವನು ಉತ್ಸಾಹದಲ್ಲಿ “ರೋಜಾ ಅಂದ್ರೂ ಉಪವಾಸನ, ಏಕಾದಶಿ ಅಂದ್ರೂ ಉಪವಾಸನ, ಎಲ್ಲಾ ಒಂದ” ಎಂದುಬಿಟ್ಟಿದ್ದ. ಒಂದೇ ಚಾಪೆಯ ಮೇಲೆ ಕೂತು ಕಲಿಯುತ್ತಿದ್ದವರು ಆ ದಿನ ಎರಡು ಚಾಪೆಯಾದರು. ವರದಿ ಧಾರವಾಡಕ್ಕೆ ಹೋಯಿತು. ಅಲ್ಲಿನ ಹಿರಿಯ ಅಧಿಕಾರಿಯೊಬ್ಬರು ನನ್ನನ್ನು ಕರೆಸಿ, ಎಲ್ಲ ಧರ್ಮದವರ ಪದಗಳಿಗೂ ಸರಳ ಕನ್ನಡದಲ್ಲಿ ಅರ್ಥ ಹೇಳುವ ಒಂದು ಕೈಪಿಡಿ ಮಾಡಿ ಎಂದರು. ಪಕ್ಕದಲ್ಲಿ ಕೂತವನು ಯಾವ ಮಾತನ್ನು ಯಾವ ಅರ್ಥದಲ್ಲಿ ಆಡುತ್ತಾನೆಂದು ಇವನಿಗೆ ತಿಳಿದರೆ ಸಾಕು, ಪಾಂಡಿತ್ಯ ಬೇಡ ಎಂದರು. ಹತ್ತು ತಿಂಗಳ ಗಡುವು ಕೊಟ್ಟರು.

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ನಿಘಂಟುಗಳನ್ನು ಗುಡ್ಡೆ ಹಾಕಿಕೊಂಡು ಇಪ್ಪತ್ತು ಪದ ಬರೆದೆ. ಅದನ್ನು ಹಿಡಿದುಕೊಂಡು ಸವಣೂರಿನ ಖಾಜಾಸಾಬರ ಹತ್ತಿರ ಹೋದೆ. ಖಾಜಾಸಾಬರು ಎಲೆಬಳ್ಳಿಯ ತೋಟ ಇಟ್ಟವರು, ಎಪ್ಪತ್ತರ ಹತ್ತಿರದ ವಯಸ್ಸು, ಮಸೀದಿಯಲ್ಲಿ ಮಕ್ಕಳಿಗೆ ಓದಿಸುತ್ತಿದ್ದರು. ವೀಳ್ಯದೆಲೆಯ ಕಟ್ಟಿಗೆ ನೀರು ಚಿಮುಕಿಸುತ್ತಲೇ ನಾನು ಓದಿದ್ದನ್ನು ಕೇಳಿದರು.

“ಮಾಸ್ತರ, ನಿಮ್ಮ ಉಪವಾಸದಾಗ ಹಾಲು ಹಣ್ಣು ನಡೀತಾವು. ನಮ್ಮ ರೋಜಾದಾಗ ಒಂದು ಗುಟುಕು ನೀರೂ ನಡಿಯೂದಿಲ್ಲ. ಹೊತ್ತು ಮುಣುಗಿದ ಮ್ಯಾಲ ನಾವು ಉಣ್ತೇವಿ, ನೀವು ಮರುದಿನ ಉಣ್ತೀರಿ. ಅದೂ ಇರ್ಲಿ ಬಿಡ್ರಿ. ಮನಸಿನಾಗ ನಿಯ್ಯತ್, ಅಂದ್ರ ಸಂಕಲ್ಪ, ಮಾಡಿಕೊಳ್ಳದ ಇದ್ರ ಅದು ರೋಜಾ ಅಲ್ಲ, ಬರೇ ಹಸಿವು. ಇದನ್ನ ನೀವು ಬರದೇ ಇಲ್ಲಲ್ಲ?” ಎಂದರು.

ಬರೆದಿರಲಿಲ್ಲ. ಆ ದಿನ ಬಸ್ಸಿನಲ್ಲಿ ವಾಪಸು ಬರುವಾಗ ನಾನು ಒಂದು ನಿಯಮ ಮಾಡಿಕೊಂಡೆ. ಆ ನಿಯಮದ ಬಗ್ಗೆ ನನಗೆ ಬಹಳ ವರ್ಷ ಹೆಮ್ಮೆಯಿತ್ತು. ಯಾವ ಪದವನ್ನು ಯಾರು ಬದುಕುತ್ತಾರೋ ಅವರಿಂದಲೇ ಅರ್ಥ ಕೇಳಬೇಕು. ಅವರು ಹೇಳಿದ್ದನ್ನು ಅಂಗೈಯಗಲದ ಕಾರ್ಡಿನ ಮೇಲೆ ಬರೆಯಬೇಕು. ಬರೆದದ್ದನ್ನು ಅವರಿಗೇ ಓದಿ ಹೇಳಬೇಕು. ತಪ್ಪಿದ್ದರೆ ತಿದ್ದಬೇಕು. ಸರಿ ಎಂದ ಮೇಲೆ ಕಾರ್ಡಿನ ಕೆಳಗೆ ಹೆಸರು, ಊರು ಬರೆದು ಅವರ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಬೇಕು. ಹೆಸರು ಪುಸ್ತಕದಲ್ಲಿ ಅಚ್ಚಾಗುವುದಿಲ್ಲ, ನಾಳೆ ಯಾರಾದರೂ ತಕರಾರು ಎತ್ತಿದರೆ ನನ್ನ ಕೈಯಲ್ಲಿ ಪುರಾವೆ ಇರಲಿ ಎಂದು ಮಾತ್ರ ಸಹಿ. ಸರ್ಕಾರಿ ನೌಕರನ ಬುದ್ಧಿ, ನೋಡಿ. ದೇವರ ಹೆಸರಿನ ಅರ್ಥಕ್ಕೂ ರುಜು ಬೇಕು ನಮಗೆ.

ಕೆಲಸ ಮಾತ್ರ ಚೆನ್ನಾಗಿ ನಡೆಯಿತು. ಹಾನಗಲ್ಲಿನ ಗಂಗಯ್ಯನವರು ‘ಪ್ರಸಾದ’ಕ್ಕೆ ಅರ್ಥ ಹೇಳುವಾಗ ನನ್ನ ತಾಟನ್ನೇ ತೋರಿಸಿದರು. “ಸ್ವಾಮಿ ಕೈಯಾಗಿಂದ ಬಂದದ್ದಷ್ಟ ಪ್ರಸಾದ ಅಲ್ರಿ. ಒಂದಗುಳ ಬಿಡದ ಹಂಗ ಉಣ್ಣೂದು, ಅದು ಪ್ರಸಾದ. ನೀವು ನೋಡ್ರಿ, ಅಂಚಿಗೆ ಎಷ್ಟ ಬಿಟ್ಟೀರಿ” ಎಂದರು. ನಾನು ನಾಚಿಕೊಂಡು ಅಂಚಿನದನ್ನೂ ಉಂಡೆ. ಅದೇ ಗಂಗಯ್ಯನವರು ‘ದೀಕ್ಷೆ’ಗೆ ಕೊಟ್ಟ ಅರ್ಥ ನಲವತ್ತನೆಯ ಕಾರ್ಡು. ಗುರು ತಲೆಯ ಮೇಲೆ ಕೈಯಿಡುತ್ತಾನೆ, ಕಿವಿಯಲ್ಲಿ ಮಂತ್ರ ಹೇಳುತ್ತಾನೆ, ಅಂಗೈಗೆ ಲಿಂಗ ಕೊಡುತ್ತಾನೆ. ಆ ಮಂತ್ರ ಗುರುವಿಗೂ ಶಿಷ್ಯನಿಗೂ ಮಾತ್ರ ಗೊತ್ತು. ಅವತ್ತಿನಿಂದ ಮತ್ತೊಂದು ಹುಟ್ಟು.

ಖಾಜಾಸಾಬರು ಒಟ್ಟು ಏಳು ಪದ ಹೇಳಿದರು. ಅವುಗಳಲ್ಲಿ ನನಗೆ ಬಹಳ ಹಿಡಿಸಿದ್ದು ‘ಅಮಾನತ್’. “ಒಬ್ರು ನಿಮ್ಮನ್ನ ನಂಬಿ ಇಟ್ಟದ್ದು. ಅವರು ಕೇಳೂ ತನಕ ಕಾಯಬೇಕು, ಕೇಳಿದಾಗ ಇದ್ದ ಹಂಗ ಕೊಡಬೇಕು. ವಸ್ತು ಅಷ್ಟ ಅಲ್ಲ ಮಾಸ್ತರ, ಒಬ್ರು ನಂಬಿ ಹೇಳಿದ ಮಾತೂ ಅಮಾನತ್.” ನಾನು ಅದನ್ನು ಓದಿ ಹೇಳಿದೆ. ಅವರು ತಲೆಯಾಡಿಸಿ ಉರ್ದುವಿನಲ್ಲಿ ಸಹಿ ಹಾಕಿದರು.

ಆಮೇಲೆ ಬೌದ್ಧರ ಪದಗಳ ಸರದಿ. ನನ್ನ ಮೂರು ತಾಲೂಕಿನಲ್ಲಿ ಹೇಳುವವರು ಸಿಗಲಿಲ್ಲ. ಈರಣ್ಣನೇ ಹೇಳಿದ, “ನನ್ನ ಕಡೆ ಒಂದು ಮನಿ ಐತಿ ನೋಡು. ಮಾಸೂರಿಗೆ ಹೋಗೂ ಹಾದಿಯಾಗ. ದುರಗವ್ವ ಅಂತ. ನಮ್ಮ ಕೇಂದ್ರದಾಗ ಓದಾಕ ಕಲತಾಳ, ಭಾಳ ಚುರುಕು” ಎಂದು. ಆ ಹಳ್ಳಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಯಾಕೆ ಎಂದು ಮುಂದೆ ತಿಳಿಯುತ್ತದೆ.

ದುರಗವ್ವನಿಗೆ ಆಗ ನಲವತ್ತು ದಾಟಿತ್ತು. ಮದಗದ ಕೆರೆಯ ನೀರುಣ್ಣುವ ಗದ್ದೆಗಳಲ್ಲಿ ನಾಟಿ, ಕಳೆ, ಕೊಯ್ಲಿನ ಕೂಲಿ ಮಾಡುತ್ತಿದ್ದರು. ಗಂಡ ಹುಬ್ಬಳ್ಳಿಯಲ್ಲಿ ರೈಲ್ವೆ ಹಳಿಯ ಕೆಲಸಕ್ಕಿದ್ದಾಗ ಅಲ್ಲಿಯವರ ಜೊತೆ ಸೇರಿ ಇಡೀ ಮನೆ ಬೌದ್ಧ ದೀಕ್ಷೆ ತೆಗೆದುಕೊಂಡಿತ್ತು. ಗಂಡ ತೀರಿಕೊಂಡ ಮೇಲೆ ಮಗಳನ್ನು ಕರೆದುಕೊಂಡು ಊರಿಗೆ ಬಂದಿದ್ದರು. ಊರಿಗೆ ಬಂದ ಮೇಲೆ ಅವರೂ ಅವರ ನೆಂಟರೂ ಸತ್ತ ದನ ಹೊರುವುದನ್ನೂ ಹಬ್ಬಕ್ಕೆ ಹಲಗಿ ಬಾರಿಸುವುದನ್ನೂ ಬಿಟ್ಟಿದ್ದರು. ಅದು ಊರಿನ ಹಿರಿಯರಿಗೆ ಮುಳ್ಳಾಗಿತ್ತು. ಮನೆಯ ಜಗಲಿಯ ಮೇಲೆ ದೇವರ ಬದಲು ಕ್ಯಾಲೆಂಡರಿನಿಂದ ಕತ್ತರಿಸಿದ ಬುದ್ಧನ ಚಿತ್ರವಿತ್ತು. ಮಗಳು ಆಗ ಒಂಬತ್ತನೆಯ ಇಯತ್ತೆ. ಶಾಲೆಯ ಪುಸ್ತಕದಲ್ಲಿ ಮಲ್ಲವ್ವ, ಮನೆಯಲ್ಲಿ ಸುಜಾತಾ.

ನಾನು ‘ದೀಕ್ಷೆ’ ಅಂದರೆ ಏನು ಎಂದು ಕೇಳಿದೆ. ಗಂಗಯ್ಯನವರ ಕಾರ್ಡನ್ನೂ ಓದಿ ಹೇಳಿದೆ. ದುರಗವ್ವ ನಕ್ಕರು.

“ನಮಗ ಕಿವ್ಯಾಗ ಯಾರೂ ಏನೂ ಹೇಳಲಿಲ್ರಿ. ಎಲ್ಲಾರೂ ಕೂಡಿ ಬಯಲಾಗ ನಿಂತ್ವಿ, ಕೈ ಮುಗದ್ವಿ, ಗಟ್ಟ್ಯಾಗಿ ಹೇಳಿದ್ವಿ. ಹಾದ್ಯಾಗ ಹೋಗಾವ್ರಿಗೂ ಕೇಳಸ್ತು. ಮುಚ್ಚಿಟ್ಟು ಹೇಳೂದಲ್ರಿ ಅದು. ಇವತ್ತಿನಿಂದ ನಾ ಯಾರ ಮುಂದೂ ಬಗ್ಗೂದಿಲ್ಲ, ಯಾರನ್ನೂ ಬಗ್ಗಸೂದಿಲ್ಲ ಅಂತ ಹೇಳೂದ ದೀಕ್ಷೆ.”

ಒಂದೇ ಪದ, ಒಂದು ಕಡೆ ಕಿವಿಯಲ್ಲಿ ಪಿಸುಮಾತು, ಇನ್ನೊಂದು ಕಡೆ ಬಯಲಿನಲ್ಲಿ ಗಟ್ಟಿ ದನಿ. ಕೈಪಿಡಿ ಇರಬೇಕಾದದ್ದೇ ಹೀಗೆ ಅನ್ನಿಸಿತು. ದುರಗವ್ವ ಹೇಳಿದಂತೆಯೇ ಬರೆದೆ: “ನಾವು ಇಂಥ ಊರಲ್ಲಿ ಇಂಥ ವರ್ಷ ದೀಕ್ಷೆ ತಗೊಂಡ್ವಿ” ಎಂಬುದನ್ನೂ ಸೇರಿಸಿ. ಅದನ್ನು ಸೇರಿಸುವ ಅಗತ್ಯ ಇರಲಿಲ್ಲ. ಆದರೆ ಹೇಳಿದ್ದನ್ನು ಹೇಳಿದ ಹಾಗೆ ಬರೆಯುವುದು ನನ್ನ ನಿಯಮ. ಆಮೇಲೆ ಶರಣು, ದುಃಖ, ಧಮ್ಮ, ಶೀಲ ಎಂಬ ಪದಗಳನ್ನೂ ಕೇಳಿದೆ. ಶೀಲಕ್ಕೆ ಐದು ಮಾತು ಹೇಳಿದರು: ಜೀವ ತೆಗೆಯುವುದಿಲ್ಲ, ಕದಿಯುವುದಿಲ್ಲ, ಕೆಟ್ಟ ಹಾದಿ ಹಿಡಿಯುವುದಿಲ್ಲ, ಸುಳ್ಳು ಹೇಳುವುದಿಲ್ಲ, ಕುಡಿಯುವುದಿಲ್ಲ. “ಐದೂ ಮಂದಿ ಹೇಳಿ ಮಾಡಸೂದಲ್ರಿ. ನಾವ ನಮಗ ಕೊಟ್ಟ ಮಾತು” ಎಂದರು.

ಓದಿ ಹೇಳಿದೆ. ಸರಿ ಐತಿ ಅಂದರು. ಪೆನ್ನು ಕೊಟ್ಟೆ. ಹೆಬ್ಬೆಟ್ಟಿನ ಶಾಯಿ ಡಬ್ಬಿಯನ್ನೂ ಮುಂದಿಟ್ಟೆ. ದುರಗವ್ವ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಪೆನ್ನು ಹಿಡಿದರು, ಆದರೆ ಬರೆಯಲಿಲ್ಲ.

“ಮಾಸ್ತರ, ಈ ಚೀಟಿ ಯಾರ ಕೈಗೂ ಹೋಗೂದಿಲ್ಲಲ್ರಿ? ಹುಡುಗಿ ಓದಾಕತ್ತಾಳ.”

ಆ ಪ್ರಶ್ನೆಯ ತೂಕ ಇಲ್ಲಿ ಓದುಗರಿಗೆ ತಿಳಿಸಬೇಕು. ಆಗಿನ ಕಾನೂನಿನಲ್ಲಿ ಪರಿಶಿಷ್ಟ ಜಾತಿಯ ಕುಟುಂಬ ಬೌದ್ಧವಾದರೆ ಆ ಜಾತಿಗೆಂದು ಇದ್ದ ಮೀಸಲು ಸೀಟು, ನೌಕರಿ ಎಲ್ಲ ಕೈಬಿಡುತ್ತಿದ್ದವು. ಧರ್ಮ ಬಿಟ್ಟರೂ ಊರು ಅವರ ಜಾತಿಯನ್ನು ಬಿಡುತ್ತಿರಲಿಲ್ಲ, ಸರ್ಕಾರ ಮಾತ್ರ ಬಿಟ್ಟುಬಿಡುತ್ತಿತ್ತು. ಹಾಗಾಗಿ ಅಂಥ ಮನೆಗಳು ಕಾಗದದಲ್ಲಿ ಹಳೆಯ ಜಾತಿಯನ್ನೇ ಉಳಿಸಿಕೊಂಡಿದ್ದವು. ದುರಗವ್ವನ ಮನೆ ಬೌದ್ಧರದೆಂದು ಊರಿಗೆಲ್ಲ ಗೊತ್ತಿತ್ತು, ಕಾಗದಕ್ಕೆ ಗೊತ್ತಿರಲಿಲ್ಲ.

“ನನ್ನ ಟ್ರಂಕು ಬಿಟ್ಟು ಹೊರಗ ಹೋಗೂದಿಲ್ರಿ. ಕೀಲಿ ನನ್ನ ಕಿಸೆದಾಗ ಇರ್ತೈತಿ” ಎಂದೆ.

ದುರಗವ್ವ ತಮ್ಮ ಹೆಸರನ್ನು ನಿಧಾನ ಬರೆದರು. ‘ವ’ಕ್ಕೆ ಒತ್ತು ಕೊಡುವಲ್ಲಿ ನಾಲಿಗೆ ಕಚ್ಚಿಕೊಂಡಿದ್ದರು. ತರಗತಿಯ ಸ್ಲೇಟು ಬಿಟ್ಟು ಅವರು ಹಾಕಿದ ಮೊದಲ ಸಹಿ ಅದು ಎಂದು ಮಗಳು ಹೇಳಿದಳು. ಐದೂ ಕಾರ್ಡಿಗೆ ಹಾಕಿದರು. ದೀಕ್ಷೆಯದು ನಲವತ್ತೊಂದನೆಯ ಕಾರ್ಡು, ಶೀಲದ್ದು ನಲವತ್ತೈದು.

ಒಟ್ಟು ಅರವತ್ತನಾಲ್ಕು ಕಾರ್ಡಾದವು. ಪ್ರೆಸ್ಸಿನವರು ನನ್ನ ಅಕ್ಷರ ನೋಡಿ ಕೈ ಮುಗಿದರು, ಶುದ್ಧ ಪ್ರತಿ ಮಾಡಿಸಿಕೊಂಡು ಬನ್ನಿ ಎಂದರು. ಶುದ್ಧ ಪ್ರತಿ ಅಂದರೆ ಈರಣ್ಣ. ಹೆಸರಿರುವ ಕಾರ್ಡುಗಳನ್ನು ಅವನ ಕೈಗೆ ಕೊಡುವಾಗ ನನಗೆ ದುರಗವ್ವನ ಮಾತು ನೆನಪಾಯಿತು. ನೆನಪಾದರೂ ಕೊಟ್ಟೆ. ಈರಣ್ಣ ಅಂದರೆ ಬೇರೆ ಯಾರೋ ಅಲ್ಲ, ನನ್ನ ಟ್ರಂಕಿನ ಪಕ್ಕದಲ್ಲೇ ಅವನ ಟ್ರಂಕು ಎಂದುಕೊಂಡೆ. ಹದಿನೈದು ದಿನದಲ್ಲಿ ಅವನು ಬರೆದು ಮುಗಿಸಿದ. ವಾಪಸು ಎಣಿಸಿದಾಗ ಅರವತ್ತಮೂರು ಇದ್ದವು. ನಲವತ್ತೊಂದು ಇರಲಿಲ್ಲ.

“ಪ್ರೆಸ್ಸಿಗೆ ಒಯ್ದ ಕಾಗದದಾಗ ಸೇರಿಕೊಂಡಿರಬೇಕಲೇ, ಎಲ್ಲಿ ಹೊಕ್ಕೈತಿ” ಎಂದ. ಪ್ರೆಸ್ಸಿನಲ್ಲಿ ಒಂದು ದಿನ ಹುಡುಕಿದೆ, ಸಿಗಲಿಲ್ಲ. ಅರ್ಥವಂತೂ ಶುದ್ಧ ಪ್ರತಿಯಲ್ಲಿ ಬಂದಿದೆಯಲ್ಲ ಎಂದು ಸುಮ್ಮನಾದೆ.

1980ರಲ್ಲಿ ಕೈಪಿಡಿ ಅಚ್ಚಾಯಿತು. ಮುನ್ನುಡಿ ನಾನೇ ಬರೆದಿದ್ದೆ. ಅದರಲ್ಲಿ ಒಂದು ವಾಕ್ಯವಿತ್ತು: “ಇಲ್ಲಿನ ಪ್ರತಿಯೊಂದು ಅರ್ಥವನ್ನೂ ಹೇಳಿದವರಿಗೇ ಓದಿ ಹೇಳಿ, ಅವರು ಸರಿಯೆಂದು ಒಪ್ಪಿ ರುಜು ಹಾಕಿದ ಮೇಲೆಯೇ ಸೇರಿಸಲಾಗಿದೆ.” ಅಧಿಕಾರಿಗಳು ಆ ವಾಕ್ಯವನ್ನೇ ಎತ್ತಿ ಹೊಗಳಿದರು. ನಾನು ಉಬ್ಬಿದೆ. ಸವಣೂರಿನ ಕೇಂದ್ರದಲ್ಲಿ ಮತ್ತೆ ಒಂದೇ ಚಾಪೆಯಾಯಿತು, ಇಲ್ಲವೆನ್ನುವುದಿಲ್ಲ. ಒಬ್ಬ ಮುದುಕ “ನಿಮ್ಮ ರೋಜಾದ ಪಾಠ ನಂಗ ಬಾಯಿಪಾಠ ಆಗೇತ್ರಿ ಖಾಜಾಸಾಬ” ಎಂದು ನಗುತ್ತಿದ್ದುದನ್ನು ನಾನೇ ಕೇಳಿದ್ದೇನೆ.

ಆ ವರ್ಷವೇ ಈರಣ್ಣನಿಗೆ ಧಾರವಾಡಕ್ಕೆ ವರ್ಗವಾಯಿತು. ಅವನ ಹೆಂಡತಿ ಅಲ್ಲಿ ಶಾಲೆಯಲ್ಲಿದ್ದಳು, ಎರಡು ಸಣ್ಣ ಮಕ್ಕಳು. ನಾಲ್ಕು ವರ್ಷ ಅರ್ಜಿ ಹಾಕಿ ಹಾಕಿ ಸೋತಿದ್ದ. ಬಸ್ಸಿಗೆ ಅವನ ಟ್ರಂಕು ಏರಿಸಿದವನು ನಾನೇ. ಕೊಡೆಯನ್ನು ಅವನಿಗೇ ಕೊಟ್ಟೆ.

1981ರ ಬೇಸಿಗೆಯಲ್ಲಿ ದುರಗವ್ವ ಮಗಳನ್ನು ಕರೆದುಕೊಂಡು ಶಿಗ್ಗಾವಿಗೆ ನನ್ನ ಕೋಣೆಗೆ ಬಂದರು. ಕೈಯಲ್ಲಿ ಒಂದು ನೋಟೀಸು. ಮಲ್ಲವ್ವ ಎಂಬ ಸುಜಾತಾ ಚೆನ್ನಾಗಿ ಪಾಸಾಗಿ, ಶಿಕ್ಷಕಿಯ ತರಬೇತಿಗೆ ಅಂದರೆ ಟಿ.ಸಿ.ಎಚ್.ಗೆ ಮೀಸಲು ಸೀಟಿನಲ್ಲಿ ಆಯ್ಕೆಯಾಗಿದ್ದಳು. ಇವರು ಬೌದ್ಧರಾಗಿದ್ದು ಸುಳ್ಳು ಜಾತಿ ಪ್ರಮಾಣಪತ್ರ ಕೊಟ್ಟಿದ್ದಾರೆ ಎಂದು ಊರಿನ ಪಂಚಾಯತಿ ಚೇರಮನ್ನರು ದೂರು ಕೊಟ್ಟಿದ್ದರು. ಪುರಾವೆಯೆಂದು ಒಂದು ಕಾಗದ ಲಗತ್ತಿಸಿದ್ದಾರೆ, ಹಿರೇಕೆರೂರಿನಲ್ಲಿ ವಿಚಾರಣೆಗೆ ಬರಬೇಕು ಎಂದು ನೋಟೀಸಿನಲ್ಲಿತ್ತು.

“ಅಕಿ ನಾಳೆ ನಮ್ಮೂರ ಸಾಲಿಗೆ ಬಂದ್ರ ನಮ್ಮ ಹುಡುಗ್ರು ಅಕಿಗೆ ಅಕ್ಕೋರ ಅನಬೇಕೇನು ಅಂತ ಚೇರಮನ್ರು ಕಟ್ಟಿ ಮ್ಯಾಲ ಕುಂತು ಅಂದಾರಂತ್ರಿ” ಎಂದರು ದುರಗವ್ವ. ಆಮೇಲೆ ನನ್ನ ಮುಖ ನೋಡಿ ಕೇಳಿದರು. “ಚೀಟಿ ಟ್ರಂಕಿನಾಗ ಐತ್ರಿ?”

ನಾನು ಟ್ರಂಕು ತೆರೆಯಲಿಲ್ಲ. ತೆರೆದು ತೋರಿಸುವುದೇನಿತ್ತು? ಕಾರ್ಡು ಕಳೆದಿದೆ ಎಂದೆ. ಸುಜಾತಾ ನೋಟೀಸನ್ನು ಮಡಿಚಿ ಪುಸ್ತಕದೊಳಗೆ ಇಟ್ಟುಕೊಂಡಳು.

ಮರುದಿನವೇ ಧಾರವಾಡಕ್ಕೆ ಹೋದೆ. ಈರಣ್ಣ ಸುಳ್ಳು ಹೇಳಲಿಲ್ಲ, ಅದೊಂದು ಮಾತ್ರ ಅವನ ಪರವಾಗಿ ಹೇಳಬಹುದು. ಚೇರಮನ್ನರಿಗೆ ಮೇಲಿನವರ ಪರಿಚಯವಿತ್ತು, ವರ್ಗ ಮಾಡಿಸಿಕೊಡುತ್ತೇನೆ ಎಂದಿದ್ದರು, ಆ ಮನೆಯ ಬಗ್ಗೆ ಏನಾದರೂ ಬರಹದಲ್ಲಿ ಸಿಕ್ಕರೆ ಒಳ್ಳೆಯದು ಎಂದಿದ್ದರು.

“ಎಲ್ಲಾರಿಗೂ ಗೊತ್ತಿದ್ದದ್ದ ಐತಲ್ಲೋ. ನಾ ಏನ ಹೊಸಾದು ಹೇಳಿದ್ನಿ?” ಎಂದ. “ನನ್ನ ಮಕ್ಕಳು ನನ್ನ ಕಂಡ್ರ ಮಾವಾ ಅಂತಿದ್ವು, ಗೊತ್ತೇನ ನಿನಗ? ಆ ಹುಡುಗಿ ಟಿ.ಸಿ.ಎಚ್.ಗೆ ಹೊಕ್ಕಾಳಂತ ಆವಾಗ ನನಗ ಕನಸು ಬಿದ್ದಿತ್ತೇನು?”

“ನನಗ ಒಂದು ಮಾತು ಕೇಳಬೇಕಿತ್ತು” ಎಂದೆ.

“ಕೇಳಿದ್ರ ನೀ ಕೊಡತಿದ್ದಿಲ್ಲ.”

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಅವನ ಮನೆಯ ಮೂಲೆಯಲ್ಲಿ ನಮ್ಮ ಕೊಡೆ ನಿಂತಿತ್ತು. ಅವನ ಹೆಂಡತಿ ತಂದ ಚಹಾ ಕುಡಿಯದೆ ಎದ್ದು ಬಂದೆ. ಹತ್ತು ವರ್ಷದ ಗೆಳೆತನದಲ್ಲಿ ನಾನು ಅವನ ಮೇಲೆ ಕೂಗಾಡಿದ್ದು ಎಷ್ಟೋ ಸಲ, ಕೊಡೆ ಮರೆತು ಬಂದದ್ದಕ್ಕೆ, ಬಸ್ಸು ತಪ್ಪಿಸಿದ್ದಕ್ಕೆ. ಅವತ್ತು ಕೂಗದೆಯೇ ಬಸ್ಸು ಹತ್ತಿದೆ.

ವಿಚಾರಣೆಗೆ ನಾಲ್ಕು ದಿನ ಮುಂಚೆ ನಾನು ದುರಗವ್ವನ ಮನೆಗೆ ಹೋದೆ. ಉಪಾಯ ನನ್ನದೇ. “ನನಗ ಓದಾಕ ಬರೂದಿಲ್ಲ, ಮಾಸ್ತರು ಏನು ಬರಕೊಂಡ್ರೋ ಗೊತ್ತಿಲ್ಲ, ಸಹಿ ಮಾಡು ಅಂದ್ರು ಮಾಡಿದ್ನಿ, ಅಂತ ನೀವು ಹೇಳ್ರಿ. ಪುಸ್ತಕ ನೋಡಿ ಅರ್ಥ ನಾನ ಬರಕೊಂಡ್ನಿ, ಸಹಿ ಬರೇ ಹಾಜರಿಗೆ ಅಂತ ನಾ ಹೇಳ್ತೇನಿ. ಅಲ್ಲಿಗೆ ಮುಗೀತು” ಎಂದೆ.

ದುರಗವ್ವ ಜಗಲಿಯ ಚಿತ್ರದ ಕಡೆ ನೋಡಿದರು. “ಸುಳ್ಳು ಹೇಳೂದಿಲ್ಲಂತ ಹೇಳಿದ್ನೆಲ್ರಿ. ನೀವ ಬರಕೊಂಡೀರಿ.”

“ಒಂದ ಸುಳ್ಳು, ದುರಗವ್ವ. ಹುಡುಗಿ ಸಲುವಾಗಿ.”

ಸುಜಾತಾ ಅಕ್ಕಿ ಆರಿಸುತ್ತ ಕೂತಿದ್ದಳು. ಅವಳ ಕೈ ನಿಂತಿತು. ತಾಯಿ ಮಗಳ ಕೈ ನೋಡಿದರು.

“ನೀವೂ ಹೇಳ್ತೀರಿ?”

“ನಾನೂ ಹೇಳ್ತೇನಿ.”

“ಹಂಗಾದ್ರ ಹೇಳ್ತೇನಿ” ಎಂದರು.

ವಿಚಾರಣೆ ಒಂದು ಸೋಮವಾರ ಹನ್ನೊಂದು ಗಂಟೆಗೆ. ಅಧಿಕಾರಿ ಕೆಟ್ಟವರಲ್ಲ. ಕನ್ನಡಕ ಒರೆಸಿಕೊಳ್ಳುತ್ತ ಮೆಲ್ಲಗೆ ಮಾತಾಡುವವರು, ಕಾನೂನು ಹೇಳಿದ್ದನ್ನು ಮಾಡುವವರು. ಚೇರಮನ್ನರು ಬಿಳಿ ಟೋಪಿಯಲ್ಲಿ ಬಂದು ಕೂತಿದ್ದರು. ತಾಯಿ ಮಗಳು ನಿಂತಿದ್ದರು. ಮೇಜಿನ ಮೇಲೆ ನನ್ನ ಕೋಳಿ ಕೆದರಿದ ಅಕ್ಷರದ ನಲವತ್ತೊಂದನೆಯ ಕಾರ್ಡು. ಅದರ ಪಕ್ಕದಲ್ಲಿ ನಾನು ಊಹಿಸಿರದ ಇನ್ನೊಂದು ವಸ್ತು: ನನ್ನ ಕೈಪಿಡಿ.

“ಏನವಾ, ಇದರಾಗ ಬರದದ್ದು ನೀ ಹೇಳಿದ್ದೇನು?” ಅಧಿಕಾರಿ ಕೇಳಿದರು.

ದುರಗವ್ವ ನೆಲ ನೋಡುತ್ತ ಹೇಳಿದರು. “ಏನ ಬರದಾರೋ ಗೊತ್ತಿಲ್ರಿ. ನನಗ ಓದಾಕ ಬರೂದಿಲ್ಲ.”

ಎರಡು ವರ್ಷ ಕೂಲಿ ಮುಗಿಸಿ ಬಂದು ಸ್ಲೇಟು ಹಿಡಿದು ಕಲಿತವರು. ಸುಜಾತಾ ತಾಯಿಯ ಸೆರಗಿನ ತುದಿ ಹಿಡಿದುಕೊಂಡಳು.

ಅಧಿಕಾರಿ ನನ್ನ ಕಡೆ ತಿರುಗಿದರು. ಕೈಪಿಡಿಯ ಮುನ್ನುಡಿಯ ಪುಟ ತೆರೆದು, ನನ್ನ ವಾಕ್ಯವನ್ನು ನನಗೇ ಓದಿ ಹೇಳಿದರು. ಇಡೀ ವಾಕ್ಯ, ನಿಧಾನವಾಗಿ, ನಾನು ಎಲ್ಲರಿಗೂ ಓದಿ ಹೇಳುತ್ತಿದ್ದ ಹಾಗೆಯೇ. ಆಮೇಲೆ ಕೇಳಿದರು, “ಇದು ಖರೇ ಏನ್ರಿ, ಸುಳ್ಳು ಏನ್ರಿ? ಸುಳ್ಳು ಅಂದ್ರ ಸರ್ಕಾರದ ಪುಸ್ತಕದಾಗ ಸುಳ್ಳು ಬರದೀರಿ ಅಂತ ನಾ ಮ್ಯಾಲ ಬರೀಬೇಕಾಗ್ತೈತಿ. ಈ ಪುಸ್ತಕಾನೂ ವಾಪಸ್ ತಗೋಬೇಕಾಗ್ತೈತಿ.”

ಆ ಕ್ಷಣ ನನ್ನ ತಲೆಯಲ್ಲಿ ಏನು ಬಂತು ಎಂದು ಪ್ರಾಮಾಣಿಕವಾಗಿ ಹೇಳುತ್ತೇನೆ. ನೌಕರಿ ಬಂತು. ಅದರ ಜೊತೆಗೆ ಖಾಜಾಸಾಬರ ಏಳು ಕಾರ್ಡು, ಗಂಗಯ್ಯನವರ ಕಾರ್ಡು, ಹತ್ತು ತಿಂಗಳ ತಿರುಗಾಟ, ಒಂದಾದ ಚಾಪೆ ಎಲ್ಲ ಬಂದವು. ಒಂದು ಕಾರ್ಡು ಸುಳ್ಳೆಂದರೆ ಅರವತ್ತನಾಲ್ಕೂ ಸುಳ್ಳು. ನಾನು ಸುಳ್ಳುಗಾರನೆಂದು ಕಾಗದದಲ್ಲಿ ದಾಖಲಾಗುತ್ತದೆ. ದುರಗವ್ವ ನನ್ನ ಕಡೆ ನೋಡುತ್ತಿದ್ದರು. ಅವರ ಮುಖದಲ್ಲಿ ಅನುಮಾನವಿರಲಿಲ್ಲ. ತಮ್ಮ ಪಾಲಿನದನ್ನು ಮಾಡಿ ಮುಗಿಸಿದ ನಿಶ್ಚಿಂತೆ ಇತ್ತು.

“ಖರೇ ಐತ್ರಿ” ಎಂದೆ.

“ಓದಿ ಹೇಳಿದ್ರಿ?”

“ಹೇಳಿದ್ದೆ.”

“ಒಪ್ಪಿದ್ಲು?”

“ಒಪ್ಪಿದ್ರು.”

ಮುಗಿಯಿತು. ಅಧಿಕಾರಿ ಬರೆದುಕೊಂಡರು. ಚೇರಮನ್ನರು ಟೋಪಿ ಸರಿಮಾಡಿಕೊಂಡರು. ಹದಿನೈದು ದಿನದಲ್ಲಿ ಪ್ರಮಾಣಪತ್ರ ರದ್ದಾಗಿ ಸೀಟು ಹೋಯಿತು. ವಿಚಾರಣೆಯಲ್ಲಿ ತಾಯಿ ಸುಳ್ಳು ಹೇಳಿದ್ದಾಳೆ ಎಂಬುದೂ ಆದೇಶದಲ್ಲಿ ಒಂದು ಸಾಲಾಗಿ ಸೇರಿತ್ತು.

ಕಚೇರಿಯ ಹೊರಗೆ ಬೇವಿನ ಮರದ ಕೆಳಗೆ ನಾನು ಅವರ ಹಿಂದೆ ಓಡಿದೆ. ಏನು ಹೇಳಬೇಕೆಂದು ಓಡಿದೆನೋ ಗೊತ್ತಿಲ್ಲ. ದುರಗವ್ವ ನಿಂತರು. ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಮಾಸ್ತರ, ನಾ ಸುಳ್ಳು ಹೇಳಿದ್ನಿ. ನೀವು ಖರೇ ಹೇಳಿದ್ರಿ. ನಮ್ಮಿಬ್ಬರೊಳಗ ಮಾತು ತಪ್ಪಿದಾವ್ರು ಯಾರ್ರಿ?” ಎಂದು ಕೇಳಿದರು. ಉತ್ತರಕ್ಕೆ ಕಾಯದೆ ಮಗಳ ಕೈ ಹಿಡಿದು ಬಸ್ ಸ್ಟ್ಯಾಂಡಿನ ಕಡೆ ನಡೆದರು. ಸುಜಾತಾ ಮಾತ್ರ ಒಂದು ಸಲ ತಿರುಗಿ ನೋಡಿದಳು. ನಾನು ಕೈಪಿಡಿ ಹಿಡಿದುಕೊಂಡು ಅಲ್ಲೇ ನಿಂತಿದ್ದೆ.

ಈರಣ್ಣ ನನಗೆ ದ್ರೋಹ ಮಾಡಿದ ಎಂದು ಬಹಳ ದಿನ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದೆ. ಹೇಳಿದಷ್ಟೂ ನಾಲಿಗೆ ಕಹಿಯಾಗುತ್ತಿತ್ತು. ಅವನು ಮಾಡಿದ್ದನ್ನು ಯಾರೂ ಕಾಣದ ಹಾಗೆ ಮಾಡಿದ್ದ. ನಾನು ಮಾಡಿದ್ದು ದುರಗವ್ವನ ಕಣ್ಣೆದುರಿಗೆ, ಅವರನ್ನು ನಾನೇ ಸುಳ್ಳಿಗೆ ಇಳಿಸಿದ ಮೇಲೆ. ಹೀಗೆ ಲೆಕ್ಕ ಹಾಕಿದ ದಿನದಿಂದ ನಾನು ಈರಣ್ಣನನ್ನು ಬೈಯುವುದು ನಿಂತಿತು. ಕ್ಷಮಿಸಿದೆನೆಂದು ಹೇಳಲಾರೆ.

1984ರಲ್ಲಿ ನನಗೆ ಆ ಕಡೆಯಿಂದ ವರ್ಗವಾಯಿತು. ಹೊರಡುವ ಮೊದಲು ಅರವತ್ತಮೂರು ಕಾರ್ಡುಗಳನ್ನೂ ಹೇಳಿದವರಿಗೇ ಮುಟ್ಟಿಸಿ ಹೋಗಬೇಕೆಂದು ಹೊರಟೆ. ಗಂಗಯ್ಯನವರು ತಮ್ಮವನ್ನು ತೆಗೆದುಕೊಂಡು ಪ್ರಸಾದ ಉಣಿಸಿ ಕಳಿಸಿದರು. ಖಾಜಾಸಾಬರ ಕಣ್ಣು ಆಗ ಮಂಜಾಗಿತ್ತು. ‘ಅಮಾನತ್’ ಕಾರ್ಡನ್ನು ನಾನೇ ಓದಿ ಹೇಳಬೇಕಾಯಿತು. ಹಿರೇಕೆರೂರಿನ ಸುದ್ದಿ ಅವರಿಗೂ ಗೊತ್ತಿತ್ತು.

“ಅರ್ಥ ಹೇಳೂದು ಹಗುರ ಐತ್ರಿ ಮಾಸ್ತರ” ಎಂದರು. “ಅಕಿ ಮನಿಗೂ ಹೋಗ್ರಿ.”

ಹೋದೆ. ದುರಗವ್ವ ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದರು. ಸುಜಾತಾ ಹತ್ತಿ ಬೀಜದ ಹೊಲಕ್ಕೆ ಕ್ರಾಸಿಂಗ್ ಕೆಲಸಕ್ಕೆ ಹೋಗಿದ್ದಳು, ಹೂವಿಗೆ ಹೂವು ತಾಗಿಸುವ ಕೂಲಿ. ಕುಂತ್ರಿ ಎಂದರು. ಕುಳಿತೆ. ನಾಲ್ಕು ಕಾರ್ಡು ಅವರ ಮುಂದಿಟ್ಟೆ. ಐದನೆಯದು ಸರ್ಕಾರಿ ಫೈಲಿನಲ್ಲಿತ್ತು, ಅದನ್ನು ಬಿಡಿಸಿಕೊಡುವ ಅಧಿಕಾರ ನನಗಿರಲಿಲ್ಲ.

ದುರಗವ್ವ ಕೈ ಒರೆಸಿಕೊಂಡು ಒಂದೊಂದನ್ನೇ ಎತ್ತಿ ಗಟ್ಟಿಯಾಗಿ ಓದಿದರು. ಅಕ್ಷರ ಕೂಡಿಸಿ ಕೂಡಿಸಿ, ನಡುವೆ ನನ್ನ ಕೆಟ್ಟ ಅಕ್ಷರಕ್ಕೆ ತಡವರಿಸುತ್ತ, ಆದರೆ ಎಲ್ಲಿಯೂ ಬಿಡದೆ. ನಾನು ಅವರಿಗೆ ಓದಿ ಹೇಳಿದ್ದನ್ನು ಅವರು ನನ್ನನ್ನು ಕೂರಿಸಿಕೊಂಡು ಓದಿದರು. ಶೀಲದ ಕಾರ್ಡಿನಲ್ಲಿ ನಾಲ್ಕನೆಯ ಮಾತಿಗೆ, ಸುಳ್ಳು ಹೇಳುವುದಿಲ್ಲ ಎಂಬುದಕ್ಕೆ, ಬಂದಾಗ ಒಂದು ಕ್ಷಣ ನಿಂತು, ಅದನ್ನೂ ಓದಿದರು. ಆಮೇಲೆ ಪ್ರತಿಯೊಂದು ಕಾರ್ಡಿನ ಕೆಳಗಿನ ಪಟ್ಟಿಯನ್ನು, ತಮ್ಮ ಹೆಸರು ಊರು ಸಹಿ ಇದ್ದಷ್ಟನ್ನು, ಮಡಿಚಿ ಉಗುರಿನಿಂದ ತೀಡಿ ಹರಿದುಕೊಂಡರು. ಉಳಿದದ್ದನ್ನು ನನ್ನ ಕಡೆ ಸರಿಸಿದರು.

“ಅರ್ಥ ನಿಮ್ಮ ಹತ್ರ ಇರ್ಲಿರಿ, ಮಂದಿಗೆ ಬೇಕಾಗ್ತೈತಿ. ಹೆಸರು ನನಗ ಇರ್ಲಿ” ಎಂದರು.

1990ರಲ್ಲಿ ಕಾನೂನು ಬದಲಾಯಿತು. ಬೌದ್ಧರಾದವರಿಗೂ ಆ ಸವಲತ್ತು ಸಿಗುವ ಹಾಗಾಯಿತು. ಸುಜಾತಾ ತರಬೇತಿಗೆ ಸೇರುವ ವಯಸ್ಸು ಆಗ ದಾಟಿತ್ತು. ಆ ಆದೇಶವನ್ನು ನಾನು ಪತ್ರಿಕೆಯಲ್ಲಿ ಓದಿ, ಕತ್ತರಿಸಿ, ಲಕೋಟೆಯಲ್ಲಿ ಹಾಕಿ, ವಿಳಾಸವನ್ನೂ ಬರೆದೆ, ಅಂಚೆಗೆ ಮಾತ್ರ ಹಾಕಲಿಲ್ಲ. ಯಾವ ಮುಖದಿಂದ ಹಾಕುವುದು?

ನಿವೃತ್ತನಾದ ಮೇಲೆ ಜನರಿಂದ ಮಾತು ಸಂಗ್ರಹಿಸುವ ಎಳೆಯರು ಕೆಲವರು ನನ್ನ ಹತ್ತಿರ ಬಂದು ಆ ಕೈಪಿಡಿಯ ಕ್ರಮ ಕೇಳುತ್ತಾರೆ. ಓದಿ ಹೇಳುವುದನ್ನು ಬಿಡಬೇಡಿ ಎನ್ನುತ್ತೇನೆ. ಆದರೆ ಸಹಿ ಕೇಳುವ ಮೊದಲು ಆ ಸಹಿ ಯಾರ ಕಾವಲಿಗೆ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ನನ್ನ ಕಾರ್ಡಿನ ಮೇಲಿನ ಸಹಿ ಕಾದದ್ದು ನನ್ನನ್ನು, ಬಲಿಕೊಟ್ಟದ್ದು ಅವರನ್ನು. ಹೀಗೆ ಹೇಳಿ ಟ್ರಂಕಿನಿಂದ ಆ ನಾಲ್ಕು ಕಾರ್ಡುಗಳನ್ನು ತೆಗೆದು ತೋರಿಸುತ್ತೇನೆ. ಕೆಳಗೆ ಯಾಕೆ ಹರಿದಿದೆ ಎಂದು ಅವರು ಕೇಳುತ್ತಾರೆ. ಅಲ್ಲೊಂದು ಹೆಸರಿತ್ತು, ಅವರು ನಂಬಿ ಕೊಟ್ಟಿದ್ದರು, ವಾಪಸು ತೆಗೆದುಕೊಂಡರು ಎನ್ನುತ್ತೇನೆ.